ಮೀನಿಗಿಂತ ಮೊದಲು ನೀರನ್ನು ಸಾಕಿ

ಕಳೆದ ಈದ್‌ನ ಮರುದಿನ ತಂಗಿಯ ಕುಟುಂಬ ನಮ್ಮ ಮನೆಗೆ ಬಂದಿತ್ತು. ಊಟ ಮುಗಿದ ಮೇಲೆ ಮಕ್ಕಳೆಲ್ಲ ಅಂಗಳಕ್ಕೆ ಓಡಿದರೂ ತಂಗಿಯ ಹತ್ತು ವರ್ಷದ ಮಗ ಮಾತ್ರ ಕದಲಲಿಲ್ಲ. ಚಾವಡಿಯಲ್ಲಿರುವ ಗಾಜಿನ ತೊಟ್ಟಿಯ ಮುಂದೆ ಚಕ್ಕಳ ಮಕ್ಕಳ ಹಾಕಿ ಕುಳಿತುಬಿಟ್ಟಿದ್ದ. ಒಳಗೆ ಆರು ಡಿಸ್ಕಸ್ ಮೀನುಗಳು. ತಟ್ಟೆಯಂತೆ ಉರುಟು, ಅಂಗೈಯಷ್ಟು ಅಗಲ. ಕೆಲವು ನೀಲಿ, ಕೆಲವು ಕೆಂಪು. ಅವಸರವೇ ಇಲ್ಲದಂತೆ ಅತ್ತಿಂದಿತ್ತ ಈಜುತ್ತಿದ್ದವು.

"ಅಕ್ಕಾ, ಇವನಿಗೆ ಈದ್‌ಗೆ ಸಿಕ್ಕಿದ ಹಣವೆಲ್ಲ ಹಾಗೇ ಇದೆ. ಇಂತಹದೇ ಮೀನು ಬೇಕೆಂದು ಹಟ ಹಿಡಿದಿದ್ದಾನೆ. ಎಲ್ಲಿ ಸಿಗುತ್ತದೆ ಹೇಳಿ, ನಾಳೆಯೇ ತಂದುಬಿಡುತ್ತೇವೆ" ಎಂದಳು ತಂಗಿ.

"ಎಲ್ಲಿ ಸಿಗುತ್ತದೆ ಎಂದು ಆಮೇಲೆ ಕೇಳು. ನಮ್ಮ ಮನೆಯಲ್ಲಿ ಮೊದಲು ತಂದ ಎರಡು ಏನಾದವು ಎಂದು ಈಗ ಕೇಳು" ಎಂದೆ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ. ಯಾಕೆಂದರೆ ಮಕ್ಕಳಿರುವ ಮನೆಗಳಲ್ಲಿ ಇಂದಲ್ಲ ನಾಳೆ ಈ ಬೇಡಿಕೆ ಬಂದೇ ಬರುತ್ತದೆ.

ಎರಡು ಮೀನುಗಳ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮಗನ ಪರೀಕ್ಷೆ ಮುಗಿದಿತ್ತು. ಬಹುಮಾನವೆಂದು ಎರಡು ಅಡಿಯ ಒಂದು ತೊಟ್ಟಿ, ಎರಡು ಪುಟ್ಟ ಡಿಸ್ಕಸ್, ಜೊತೆಗೆ ನಾಲ್ಕು ಗೋಲ್ಡ್ ಫಿಶ್ ತಂದೆವು. "ಏನೂ ತೊಂದರೆಯಿಲ್ಲ, ಒಟ್ಟಿಗೇ ಹಾಕಿ" ಎಂದಿದ್ದ ಅಂಗಡಿಯವನು. ಬೆಳಿಗ್ಗೆ ನಳ್ಳಿ ನೀರು ತುಂಬಿಸಿದೆವು, ಸಂಜೆ ಮೀನು ಬಿಟ್ಟೆವು. ಮನೆಯಲ್ಲಿ ಸಂಭ್ರಮವೋ ಸಂಭ್ರಮ.

ಐದನೆಯ ದಿನ ಒಂದು ಡಿಸ್ಕಸ್ ಕಪ್ಪಾಗಿ ಮೂಲೆ ಸೇರಿತು. ಮರುದಿನ ಅದು ಬದುಕಿರಲಿಲ್ಲ. ಇನ್ನೊಂದು ಒಂಭತ್ತನೆಯ ದಿನ ಹೋಯಿತು. ಮಗ ಅಳಲಿಲ್ಲ. ರಾತ್ರಿ ಮಲಗುವಾಗ ಬಂದು, "ಉಮ್ಮಾ, ಅವಕ್ಕೆ ಹಸಿವಾಗುತ್ತದೆಂದು ನೀವು ನೋಡದಾಗ ನಾನು ಎರಡೆರಡು ಸಲ ಆಹಾರ ಹಾಕಿದ್ದೆ. ನಾನೇ ಕೊಂದೆನಾ?" ಎಂದು ಕೇಳಿದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದೇನೆಂದರೆ ತಪ್ಪು ಅವನದಲ್ಲ, ದೊಡ್ಡವರಾದ ನಮ್ಮದು. ಮೀನನ್ನು ಕೊಳ್ಳಲು ಹೋಗಿದ್ದೆವೇ ಹೊರತು ಅದರ ಬಗ್ಗೆ ತಿಳಿಯಲು ಹೋಗಿರಲಿಲ್ಲ.

ಇದು ಎಲ್ಲಿಯ ಮೀನು?

ಡಿಸ್ಕಸ್‌ನ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿ ಮತ್ತು ಅದರ ಉಪನದಿಗಳು. 1840ರಲ್ಲಿ ಆಸ್ಟ್ರಿಯಾದ ಪ್ರಾಣಿಶಾಸ್ತ್ರಜ್ಞ ಯೋಹಾನ್ ಯಾಕೋಬ್ ಹೆಕೆಲ್ ಇದನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಿದರು. ಈಗಲೂ ಒಂದು ಜಾತಿಯನ್ನು ಹೆಕೆಲ್ ಡಿಸ್ಕಸ್ ಎಂದೇ ಕರೆಯುತ್ತಾರೆ. ಅದು ಇರುವುದು ರಿಯೋ ನೀಗ್ರೋ ಎಂಬ ಕಪ್ಪು ನದಿಯ ಕಡೆ. ಕಾಡಿನ ಎಲೆಗಳು ಕೊಳೆತು ಅಲ್ಲಿನ ನೀರು ಹಾಲು ಹಾಕದ ಚಹಾದಂತೆ ಕಾಣುತ್ತದೆ. ಖನಿಜಾಂಶ ತೀರಾ ಕಡಿಮೆ, ತುಸು ಹುಳಿ ಗುಣ, ವರ್ಷವಿಡೀ ಬೆಚ್ಚಗೆ. ನೆರೆ ಬಂದಾಗ ನದಿ ಕಾಡಿನೊಳಗೆ ನುಗ್ಗುತ್ತದೆ. ಮುಳುಗಿದ ಬೇರು, ಕೊಂಬೆಗಳ ಎಡೆಯಲ್ಲಿ ನುಸುಳಲು ಈ ತಟ್ಟೆಯಂತಹ ದೇಹ ಹೇಳಿ ಮಾಡಿಸಿದಂತಿದೆ.

ಆ ನದಿಯ ದಡದಲ್ಲಿ ಬ್ರೆಜಿಲ್‌ನ ಬಾರ್ಸೆಲೋಸ್ ಎಂಬ ಪಟ್ಟಣವಿದೆ. ಅಲ್ಲಿನ ಅನೇಕ ಕುಟುಂಬಗಳು ಅಲಂಕಾರದ ಮೀನು ಹಿಡಿದೇ ಜೀವನ ಸಾಗಿಸುತ್ತಾ ಬಂದಿವೆ. ಅಲ್ಲಿ ಅಲಂಕಾರದ ಮೀನುಗಳದ್ದೇ ಒಂದು ಹಬ್ಬ ನಡೆಯುತ್ತದೆ. ಊರಿಗೆ ಊರೇ ಎರಡು ತಂಡಗಳಾಗಿ ಸ್ಪರ್ಧಿಸುತ್ತದೆ. ಒಂದು ತಂಡದ ಹೆಸರು ಕಾರ್ಡಿನಲ್ ಟೆಟ್ರಾದ್ದು, ಇನ್ನೊಂದರದ್ದು ಡಿಸ್ಕಸ್‌ನದ್ದು.

ನಮ್ಮ ಅಂಗಡಿಗಳಲ್ಲಿ ಕಾಣುವ ಕೆಂಪು, ಬಿಳಿ, ನೀಲಿ ಬಣ್ಣದವು ಹೆಚ್ಚಾಗಿ ಕಾಡಿನವಲ್ಲ. ಥಾಯ್ಲೆಂಡ್, ಮಲೇಷ್ಯಾ ಮುಂತಾದೆಡೆ ಹಾಗೂ ನಮ್ಮ ದೇಶದಲ್ಲೇ ತಲೆಮಾರುಗಳಿಂದ ತೊಟ್ಟಿಯಲ್ಲಿ ಮರಿ ಮಾಡಿಸಿ ಬೆಳೆಸಿದವು. ಹೊಸಬರಿಗೆ ಇವೇ ಸೂಕ್ತ. ಕಾಡಿನಿಂದ ಹಿಡಿದು ತಂದವುಗಳಿಗೆ ನೀರಿನ ವಿಷಯದಲ್ಲಿ ಬಹಳ ಸೂಕ್ಷ್ಮವಾದ ಆರೈಕೆ ಬೇಕು.

ತೊಟ್ಟಿ ಎಷ್ಟು ದೊಡ್ಡದಿರಬೇಕು?

ಡಿಸ್ಕಸ್ ಗುಂಪಿನ ಮೀನು. ಒಂದೋ ಎರಡೋ ತಂದರೆ ಹೆದರಿ ಮೂಲೆ ಸೇರುತ್ತವೆ, ಇಲ್ಲವೇ ಬಲಶಾಲಿಯು ದುರ್ಬಲನನ್ನು ಅಟ್ಟಾಡಿಸುತ್ತದೆ. ಕನಿಷ್ಠ ಐದಾರು ಇರಬೇಕು. ಚೆನ್ನಾಗಿ ಬೆಳೆದ ಮೀನು 15 ಸೆಂಟಿಮೀಟರಿಗೂ ಮೀರಿ ಅಗಲವಾಗುತ್ತದೆ. ಒಂದಕ್ಕೆ ಸುಮಾರು 40 ಲೀಟರ್ ನೀರು ಎಂಬುದು ಸಾಕುವವರ ಲೆಕ್ಕ. ಹಾಗಾದರೆ ಆರಕ್ಕೆ 240 ಲೀಟರ್. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಈ ಲೆಕ್ಕಕ್ಕೆ ಸರಿಹೊಂದುತ್ತದೆ. ನೀರು, ಗಾಜು ಎಲ್ಲ ಸೇರಿ ಇದರ ತೂಕ ಕಾಲು ಟನ್ ಮೀರುತ್ತದೆ ಎಂಬುದನ್ನು ಮರೆಯಬೇಡಿ. ಹಳೆಯ ಮೇಜಿನ ಮೇಲೆ ಇಡುವ ವಸ್ತು ಇದಲ್ಲ. ಗಟ್ಟಿಯಾದ ಸ್ಟ್ಯಾಂಡ್ ಬೇಕು. ನೇರ ಬಿಸಿಲು ಬೀಳದ, ಬಾಗಿಲು ಧಡಾರನೆ ಬಡಿಯದ, ಜನರ ಓಡಾಟ ಕಡಿಮೆ ಇರುವ ಜಾಗ ಬೇಕು.

ಮೊದಲ ಸಲ ಸಾಕುವವರು ತಳದಲ್ಲಿ ಕಲ್ಲು, ಮರಳು ಹಾಕದಿರುವುದೇ ಒಳ್ಳೆಯದು. ನೋಡಲು ಬೋಳು ಎನಿಸಬಹುದು. ಆದರೆ ಉಳಿದ ಆಹಾರ, ಹಿಕ್ಕೆ ಕಣ್ಣಿಗೆ ಕಾಣುತ್ತದೆ, ತೆಗೆಯುವುದು ಸುಲಭ. ಬೇಕಿದ್ದರೆ ಒಂದು ಮರದ ಬೇರು, ಕುಂಡದಲ್ಲಿ ನೆಟ್ಟ ಅಮೆಜಾನ್ ಸೋರ್ಡ್ ಗಿಡ ಇಡಬಹುದು.

ಮೊದಲು ನೀರು, ಆಮೇಲೆ ಮೀನು

ನಮ್ಮ ಮೊದಲ ಮೀನುಗಳನ್ನು ಬಲಿ ತೆಗೆದುಕೊಂಡದ್ದು ಇದೇ. ಮೀನಿನ ಉಸಿರು, ಹಿಕ್ಕೆ, ಉಳಿದ ಆಹಾರ ಇವುಗಳಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ವಿಷ. ಒಂದು ಬಗೆಯ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇದು ಸ್ವಲ್ಪ ಪ್ರಮಾಣದಲ್ಲಿದ್ದರೆ ತೊಂದರೆಯಿಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಆದುದರಿಂದ ತೊಟ್ಟಿಗೆ ನೀರು ತುಂಬಿ, ಫಿಲ್ಟರ್ ಓಡಿಸಿ, ಮೀನಿಲ್ಲದೆಯೇ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಕಾಯಬೇಕು. ಪರಿಚಿತರಲ್ಲಿ ಆರೋಗ್ಯವಾಗಿರುವ ಹಳೆಯ ತೊಟ್ಟಿಯಿದ್ದರೆ ಅದರ ಸ್ಪಂಜಿನ ಒಂದು ತುಂಡು ತಂದು ಹಾಕಿದರೆ ಕೆಲಸ ಬೇಗ ಆಗುತ್ತದೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಅಂಗಡಿಯಲ್ಲಿ ನೀರು ಪರೀಕ್ಷೆಯ ಕಿಟ್ ಸಿಗುತ್ತದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಮಿನೊಳಗೆ ಬಂದ ಮೇಲೆಯೇ ಮೀನು ತರಬೇಕು. ಸ್ಪಂಜನ್ನು ನಳ್ಳಿಯಡಿ ಹಿಡಿದು ಉಜ್ಜಬೇಡಿ. ಕ್ಲೋರಿನ್‌ನಿಂದ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೆಗೆಯಿರಿ.

ಬೆಚ್ಚಗಿನ ನೀರು ಎರಡನೆಯ ವಿಷಯ. ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಬೇಕು. ಗೋಲ್ಡ್ ಫಿಶ್ ತಂಪು ನೀರಿನ ಮೀನು. ಎರಡನ್ನೂ ಒಂದೇ ತೊಟ್ಟಿಗೆ ಹಾಕಿದರೆ ಒಂದಕ್ಕಾದರೂ ಅನ್ಯಾಯವಾಗುತ್ತದೆ. ನಾವು ಮಾಡಿದ್ದು ಅದನ್ನೇ. ಕರಾವಳಿಯಲ್ಲಿ ಬೇಸಿಗೆಯಲ್ಲಿ ಹೀಟರ್ ಹೆಚ್ಚು ಉರಿಯುವುದಿಲ್ಲ. ಆದರೆ ಮಳೆಗಾಲದ ರಾತ್ರಿ, ಡಿಸೆಂಬರ್‌ನ ಬೆಳಗು, ಬೆಂಗಳೂರು ಮಡಿಕೇರಿಗಳ ಚಳಿ ಇವುಗಳಿಗೆ ಹೀಟರ್ ಇಲ್ಲದೆ ಆಗದು. ಲೀಟರಿಗೆ ಸುಮಾರು ಒಂದು ವ್ಯಾಟ್ ಎಂದು ಲೆಕ್ಕ ಹಾಕಿ. ಒಂದೇ ದೊಡ್ಡದರ ಬದಲು ಎರಡು ಸಣ್ಣವು ಇರಲಿ. ಒಂದು ಕೆಟ್ಟರೆ ಇನ್ನೊಂದು ಕಾಪಾಡುತ್ತದೆ. ನಮ್ಮಲ್ಲಿ 100 ವ್ಯಾಟಿನ ಎರಡಿವೆ. ಎರಡೂ ದಿನಕ್ಕೆ ಎಂಟು ಗಂಟೆ ಉರಿದರೆ 1.6 ಯೂನಿಟ್, ತಿಂಗಳಿಗೆ 48 ಯೂನಿಟ್. ಕರೆಂಟ್ ಬಿಲ್ ಕಟ್ಟುವವರ ಜೊತೆ ಈ ಲೆಕ್ಕವನ್ನು ಮೊದಲೇ ಮಾತಾಡಿಕೊಳ್ಳಿ. ನೀರಿನೊಳಗೆ ಕೈ ಹಾಕುವ ಮುನ್ನ ಹೀಟರಿನ ಪ್ಲಗ್ ತೆಗೆಯುವುದನ್ನು ಮಕ್ಕಳಿಗೂ ಕಲಿಸಿರಿ.

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಗಾಳಿಯ ಪಂಪ್ ಸದಾ ಓಡುತ್ತಿರಬೇಕು. ಕರೆಂಟ್ ಹೋದಾಗ ಬಳಸಲು ಬ್ಯಾಟರಿಯ ಪಂಪ್ ಒಂದು ಮನೆಯಲ್ಲಿರಲಿ.

ಬಾವಿ ನೀರೋ, ಬೋರ್‌ವೆಲ್ಲೋ?

ಈ ಮೀನುಗಳಿಗೆ ಮೆದು ನೀರು ಇಷ್ಟ. ಪಿಎಚ್ 6ರಿಂದ 7ರ ಆಸುಪಾಸಿನಲ್ಲಿದ್ದರೆ ಉತ್ತಮ. ತೊಟ್ಟಿಯಲ್ಲೇ ಹುಟ್ಟಿ ಬೆಳೆದವು 7.5ರವರೆಗೂ ಹೊಂದಿಕೊಳ್ಳುತ್ತವೆ. ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ. ಡಿಸ್ಕಸ್‌ಗೆ ಇದು ಅನುಕೂಲವೇ. ಆದರೆ ಇಂತಹ ನೀರಿನ ಪಿಎಚ್ ಕೆಲವೊಮ್ಮೆ ಇದ್ದಕ್ಕಿದ್ದಂತೆ ಇನ್ನೂ ಕೆಳಗಿಳಿಯುತ್ತದೆ. ವಾರಕ್ಕೊಮ್ಮೆ ಪರೀಕ್ಷಿಸಿ. ಬಯಲುಸೀಮೆಯ ಬೋರ್‌ವೆಲ್ ನೀರು ಹೆಚ್ಚಾಗಿ ಗಡುಸು. ಅಲ್ಲಿಯವರು ಶುದ್ಧೀಕರಿಸಿದ ಆರ್‌ಒ ನೀರನ್ನು ಬೆರೆಸಿ ಬಳಸುತ್ತಾರೆ. ಬರೀ ಆರ್‌ಒ ನೀರನ್ನೇ ತುಂಬಬಾರದು. ಅದರಲ್ಲಿ ಮೀನಿಗೆ ಬೇಕಾದ ಖನಿಜವೂ ಉಳಿದಿರುವುದಿಲ್ಲ.

ಯಾವ ನೀರಾದರೂ ಒಂದು ದೊಡ್ಡ ಡ್ರಮ್ಮಿನಲ್ಲಿ ಹಿಡಿದು, 24 ಗಂಟೆ ಗಾಳಿಯಾಡಿಸಿ ಬಳಸುವುದು ಒಳ್ಳೆಯದು. ನಳ್ಳಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣವನ್ನೂ ಹಾಕಿ. ಪಿಎಚ್ ಅಂಕಿಯ ಹಿಂದೆ ಬಿದ್ದು ದಿನಕ್ಕೊಂದು ಔಷಧಿ ಸುರಿಯಬೇಡಿ. ಸ್ವಲ್ಪ ಹೆಚ್ಚು ಕಡಿಮೆಯಿದ್ದರೂ ಸ್ಥಿರವಾಗಿರುವ ನೀರು, ದಿನಕ್ಕೊಂದು ಬಗೆಯಾಗುವ ನೀರಿಗಿಂತ ಎಷ್ಟೋ ಮೇಲು.

ಮೀನು ಆರಿಸುವಾಗ

ಅಂಗಡಿಗೆ ಹೋದಾಗ ಬಣ್ಣಕ್ಕೆ ಮರುಳಾಗಬೇಡಿ. ಕಾಲು ಗಂಟೆ ಸುಮ್ಮನೆ ನಿಂತು ನೋಡಿ.

ದೇಹ ಉರುಟಾಗಿರಬೇಕು. ಹಣೆಯ ಭಾಗ ಕೃಶವಾಗಿ ಒಳಗೆ ಕುಸಿದಿದ್ದರೆ ಬೇಡ. ದೇಹಕ್ಕೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಂಡರೆ ಅದು ಸರಿಯಾಗಿ ಬೆಳೆಯದೆ ಕುಂಠಿತವಾದ ಮೀನು, ಮುಂದೆಯೂ ಬೆಳೆಯುವುದು ಕಷ್ಟ. ರೆಕ್ಕೆಗಳು ಬಿಚ್ಚಿಕೊಂಡಿರಬೇಕು, ಕಣ್ಣು ಹೊಳೆಯುತ್ತಿರಬೇಕು. ಎರಡೂ ಕಿವಿರುಗಳು ಒಂದೇ ಸಮನೆ ಆಡುತ್ತಿರಬೇಕು. ಒಂದನ್ನು ಮುಚ್ಚಿಕೊಂಡು ಉಸಿರಾಡುತ್ತಿದ್ದರೆ ಪರೋಪಜೀವಿ ಇರಬಹುದು. ಕಪ್ಪಾಗಿ ಮೂಲೆಯಲ್ಲಿ ನಿಂತದ್ದು, ಬಿಳಿ ದಾರದಂತಹ ಹಿಕ್ಕೆ ಹಾಕುತ್ತಿರುವುದು ಇದ್ದರೆ ಅದೇ ತೊಟ್ಟಿಯ ಚೆನ್ನಾಗಿ ಕಾಣುವ ಮೀನನ್ನೂ ಕೊಳ್ಳಬೇಡಿ.

"ಸ್ವಲ್ಪ ಆಹಾರ ಹಾಕಿ ತೋರಿಸಿ" ಎಂದು ಕೇಳಲು ಸಂಕೋಚ ಬೇಡ. ಬಟ್ಟೆ ಅಂಗಡಿಯಲ್ಲಿ ಹತ್ತು ಚೂಡಿದಾರ್ ಬಿಚ್ಚಿಸಿ ನೋಡುವ ನಾವು ಇಲ್ಲೇಕೆ ನಾಚಬೇಕು? ಓಡಿ ಬಂದು ತಿನ್ನುವ ಮೀನೇ ಆರೋಗ್ಯವಂತ ಮೀನು. ಅಂಗಡಿಯ ನೀರಿನ ಉಷ್ಣತೆ, ಪಿಎಚ್ ಎಷ್ಟೆಂದೂ ಕೇಳಿ.

ಒಂದಿಂಚಿನ ಮರಿಗಳು ಅಗ್ಗವೆಂದು ತರಬೇಡಿ. ಅವುಗಳಿಗೆ ದಿನಕ್ಕೆ ಐದಾರು ಸಲ ಆಹಾರ, ದಿನವೂ ನೀರು ಬದಲಾವಣೆ ಬೇಕು. ಅಷ್ಟು ಚಿಕ್ಕದರಲ್ಲೇ ಕಣ್ಣು ಕುಕ್ಕುವ ಬಣ್ಣವಿದ್ದರೆ ಹಾರ್ಮೋನ್ ಕೊಟ್ಟಿರುವ ಸಂಶಯವಿದೆ. ಆ ಬಣ್ಣ ಕೆಲವೇ ವಾರಗಳಲ್ಲಿ ಮಾಸುತ್ತದೆ. ಮೂರು ಇಂಚು ಅಥವಾ ಅದಕ್ಕಿಂತ ದೊಡ್ಡವು ಹೊಸಬರಿಗೆ ಸೂಕ್ತ. ಆರನ್ನೂ ಒಂದೇ ಕಡೆಯಿಂದ, ಒಂದೇ ದಿನ ತನ್ನಿ. ಬೇರೆ ಬೇರೆ ಕಡೆಯವು ಸೇರಿದರೆ ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ಆಮೇಲೆ ಹೊಸದು ತರುವುದಾದರೆ ನಾಲ್ಕು ವಾರವಾದರೂ ಬೇರೆ ತೊಟ್ಟಿಯಲ್ಲಿಟ್ಟು ನೋಡಿ.

ಜೊತೆಗಾರರಾಗಿ ಕಾರ್ಡಿನಲ್ ಟೆಟ್ರಾ, ರಮ್ಮಿನೋಸ್ ಟೆಟ್ರಾಗಳು ಆಗಬಹುದು. ಆಸ್ಕರ್‌ನಂತಹ ಒರಟು ಮೀನು ಬೇಡ. ತೊಟ್ಟಿ ಚೊಕ್ಕ ಮಾಡುತ್ತದೆಂದು ದೊಡ್ಡ ಸಕ್ಕರ್ ಮೀನನ್ನು ಹಾಕಬೇಡಿ. ಅದು ರಾತ್ರಿ ಡಿಸ್ಕಸ್‌ನ ಮೈಗೇ ಅಂಟಿಕೊಂಡು ಲೋಳೆ ಹೀರುತ್ತದೆ.

ಮೀನು ಮಗನದ್ದು, ಬಕೆಟ್ ಯಾರದ್ದು?

ಈ ಪ್ರಶ್ನೆಯನ್ನು ಮೀನು ತರುವ ಮೊದಲೇ ಕೇಳಬೇಕು. 240 ಲೀಟರ್ ತೊಟ್ಟಿಯಲ್ಲಿ ಒಮ್ಮೆಗೆ 30 ಶೇಕಡಾ ನೀರು ಬದಲಿಸುವುದೆಂದರೆ 72 ಲೀಟರ್. ಅಂದರೆ 15 ಲೀಟರಿನ ಸುಮಾರು ಐದು ಬಕೆಟ್. ಐದು ಹೊರಗೆ, ಐದು ಒಳಗೆ. ವಾರಕ್ಕೆ ಎರಡು ಮೂರು ಸಲ. ಮೊದಲ ವಾರ ಎಲ್ಲರೂ ಉತ್ಸಾಹದಿಂದ ಬರುತ್ತಾರೆ. ಎರಡನೆಯ ತಿಂಗಳು ಅಡುಗೆ, ಬಟ್ಟೆ, ಹೋಂವರ್ಕ್‌ಗಳ ನಡುವೆ ಆ ಬಕೆಟ್ ಹೊರುವವಳು ಮನೆಯ ತಾಯಿ. ಬೆನ್ನು ನೋವಿನ ಬಗ್ಗೆ ಅವಳು ಹೇಳುವುದೂ ಇಲ್ಲ, ಯಾರೂ ಕೇಳುವುದೂ ಇಲ್ಲ.

ನಮ್ಮ ಮನೆಯಲ್ಲೂ ಹಾಗೇ ಆಗುತ್ತಿತ್ತು. ಒಂದು ದಿನ ನಾನು ಬಕೆಟ್ ಕೆಳಗಿಟ್ಟು, "ಇನ್ನು ಇದು ನನ್ನೊಬ್ಬಳ ಕೆಲಸವಲ್ಲ" ಎಂದೆ. ಎಲ್ಲರೂ ಕುಳಿತು ಮಾತಾಡಿದೆವು. ನೀರು ಹೊರಗೆ ಹರಿಸಲು ಉದ್ದದ ಪೈಪ್ ತಂದೆವು. ಅದರ ತುದಿ ಈಗ ನೇರ ಮಲ್ಲಿಗೆ, ಕರಿಬೇವಿನ ಬುಡಕ್ಕೆ ಹೋಗುತ್ತದೆ. ನೈಟ್ರೇಟ್ ಇರುವ ಆ ನೀರು ಗಿಡಗಳಿಗೆ ಗೊಬ್ಬರ. ಡ್ರಮ್ಮಿನಿಂದ ನೀರು ಮೇಲೆತ್ತಲು ಸಣ್ಣ ಪಂಪ್ ಬಂತು. ಮಂಗಳವಾರ ಮಗನದ್ದು, ಶನಿವಾರ ಅವನ ತಂದೆಯದ್ದು. ಬೆಳಿಗ್ಗೆ ಥರ್ಮಾಮೀಟರ್ ನೋಡಿ ಬರೆದಿಡುವುದು ಮಗಳ ಕೆಲಸ. ಆಹಾರ ಹಾಕುವುದು ಮಾತ್ರ ಒಬ್ಬರೇ, ನನ್ನ ಅತ್ತೆ. ಹತ್ತು ಕೈ ಆಹಾರ ಹಾಕಿದರೆ ಮೀನು ಉಳಿಯುವುದಿಲ್ಲ ಎಂಬುದನ್ನು ನಾವು ಮೊದಲೇ ಕಲಿತಿದ್ದೆವಲ್ಲ.

ದೊಡ್ಡ ಮೀನುಗಳಿಗೆ ದಿನಕ್ಕೆ ಎರಡು ಮೂರು ಸಲ, ಐದು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಹಾಕಬೇಕು. ಉಳಿದದ್ದನ್ನು ತೆಗೆದುಬಿಡಬೇಕು. ಡಿಸ್ಕಸ್‌ಗೆಂದೇ ಬರುವ ಕಾಳುಗಳು, ಫ್ರೀಜ್ ಮಾಡಿದ ರಕ್ತಹುಳು, ಸಣ್ಣಗೆ ಅರೆದ ಸಿಗಡಿ ಕೊಡಬಹುದು. ಚರಂಡಿಯ ಕೊಳಕಿನಲ್ಲಿ ಬೆಳೆಯುವ ಜೀವಂತ ಟ್ಯೂಬಿಫೆಕ್ಸ್ ಹುಳುಗಳು ರೋಗ ತರುತ್ತವೆ, ಬೇಡ.

ಕಪ್ಪಾದರೆ ಏನು ಮಾಡುವುದು?

ಮೀನು ಕಪ್ಪಾಗಿ, ತಿನ್ನದೆ ಮೂಲೆ ಸೇರಿದರೆ ಔಷಧಿಗೆ ಓಡಬೇಡಿ. ಮೊದಲು ನೀರು ಪರೀಕ್ಷಿಸಿ, ಉಷ್ಣತೆ ನೋಡಿ, ಅದೇ ಉಷ್ಣತೆಯ ನೀರಿನಿಂದ ಸ್ವಲ್ಪ ಬದಲಿಸಿ. ಅರ್ಧಕ್ಕರ್ಧ ಸಂದರ್ಭಗಳಲ್ಲಿ ಸಮಸ್ಯೆ ನೀರಿನದ್ದೇ ಎಂಬುದು ನನ್ನ ಅನುಭವ. ಬಿಳಿ ದಾರದ ಹಿಕ್ಕೆ, ತಲೆಯ ಮೇಲೆ ಸಣ್ಣ ತೂತುಗಳು, ತಿನ್ನದಿರುವುದು ಇವು ಕರುಳಿನ ಪರೋಪಜೀವಿಯ ಲಕ್ಷಣಗಳಾಗಿರಬಹುದು. ಆಗ ತಿಳಿದವರ ಸಲಹೆಯಂತೆಯೇ, ಬೇರೆ ತೊಟ್ಟಿಯಲ್ಲಿಟ್ಟು ಚಿಕಿತ್ಸೆ ಮಾಡಬೇಕು. ಮನೆಯ ಔಷಧಿ ಡಬ್ಬಿಯ ಮಾತ್ರೆಗಳನ್ನು ಅಂದಾಜಿನಲ್ಲಿ ಹಾಕಬೇಡಿ.

ಹಾಲುಣಿಸುವಂತಹ ಮೀನು

ಇಷ್ಟೆಲ್ಲ ಕಷ್ಟವಿರುವ ಮೀನು ಯಾಕೆ ಬೇಕು ಎಂದು ತಂಗಿ ಕೇಳಿದಳು. ನಾನು ನಮ್ಮ ತೊಟ್ಟಿಯಲ್ಲಿ ಕಂಡದ್ದನ್ನು ಹೇಳಿದೆ. ಒಂದು ಜೋಡಿ ಮೊಟ್ಟೆಯಿಟ್ಟಾಗ ಅದನ್ನು ಬೇರೆ ತೊಟ್ಟಿಗೆ ಹಾಕಿದ್ದೆವು. ಮೂರು ದಿನದೊಳಗೆ ಮರಿಗಳು ಹೊರಬಂದವು. ಇನ್ನೂ ಮೂರು ದಿನ ಕಳೆದು ಈಜತೊಡಗಿದ ಕೂಡಲೇ ಹೋಗಿ ತಂದೆ ತಾಯಿಯ ಮೈಗೆ ಅಂಟಿಕೊಂಡವು. ಡಿಸ್ಕಸ್ ಮರಿಗಳ ಮೊದಲ ಆಹಾರ ಹೆತ್ತವರ ಚರ್ಮದಿಂದ ಒಸರುವ ಲೋಳೆ. ತಾಯಿ ಮಾತ್ರವಲ್ಲ, ತಂದೆಯೂ ಉಣಿಸುತ್ತದೆ. ಒಂದಕ್ಕೆ ದಣಿವಾದರೆ ಮೈ ಕೊಡವಿ ಮರಿಗಳನ್ನು ಇನ್ನೊಂದರ ಕಡೆ ದಾಟಿಸುತ್ತದೆ. 2010ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದರ ಬಗ್ಗೆ ಅಧ್ಯಯನ ಪ್ರಕಟಿಸಿದ್ದಾರೆ. ಮೊದಲ ಎರಡು ವಾರ ಹೆತ್ತವು ಮರಿಗಳನ್ನು ಬಿಟ್ಟು ಕದಲುವುದಿಲ್ಲ. ಮೂರನೆಯ ವಾರದಿಂದ ಆಗಾಗ ದೂರ ಈಜಿ ಹೋಗಿ, ಬೇರೆ ಆಹಾರ ಹುಡುಕಲು ಮರಿಗಳಿಗೆ ಕಲಿಸುತ್ತವೆ. ನಾವು ಮಕ್ಕಳಿಗೆ ಹಾಲು ಬಿಡಿಸುವ ಹಾಗೆಯೇ.

ಆ ದಿನಗಳಲ್ಲಿ ಅತ್ತೆ ತೊಟ್ಟಿಯ ಮುಂದೆ ಕುರ್ಚಿ ಹಾಕಿ ಕುಳಿತು, "ನೋಡು, ಗಂಡೂ ಕೂಡ ಮಕ್ಕಳನ್ನು ನೋಡಿಕೊಳ್ಳುತ್ತದೆ" ಎಂದು ನನ್ನ ಗಂಡನಿಗೆ ಕೇಳುವಂತೆ ಹೇಳುತ್ತಿದ್ದರು.

ತಂಗಿಯ ಮಗನಿಗೆ ನಾನು ಒಂದು ಷರತ್ತು ಹಾಕಿದೆ. ಈದ್‌ನ ಹಣದಿಂದ ಮೊದಲು ತೊಟ್ಟಿ, ಫಿಲ್ಟರ್, ಕಿಟ್ ಮಾತ್ರ. ಆರು ವಾರ ಬರೀ ನೀರನ್ನು ಸಾಕಬೇಕು. ದಿನವೂ ನೋಟ್ ಪುಸ್ತಕದಲ್ಲಿ ಬರೆಯಬೇಕು. ಆಗಲೂ ಆಸಕ್ತಿ ಉಳಿದಿದ್ದರೆ ಮೀನಿನ ವಿಷಯ ಮಾತಾಡೋಣ. ಹೊರಡುವಾಗ ನಮ್ಮ ಸ್ಪಂಜಿನ ಒಂದು ತುಂಡನ್ನು ಡಬ್ಬಿಯ ನೀರಿನಲ್ಲಿ ಹಾಕಿ ಕೊಟ್ಟೆ. ಸಿಹಿತಿಂಡಿಯ ಡಬ್ಬಿಗಿಂತ ಜೋಪಾನವಾಗಿ ಅದನ್ನು ಮಡಿಲಲ್ಲಿಟ್ಟುಕೊಂಡು ಹೋದ.

ಕಳೆದ ವಾರ ಫೋನ್ ಬಂತು. ಐದನೆಯ ವಾರ ನಡೆಯುತ್ತಿತ್ತು. ಸಲಾಂ ಕೂಡ ಹೇಳದೆ, "ದೊಡ್ಡಮ್ಮಾ, ನೈಟ್ರೈಟ್ ಸೊನ್ನೆ ಬಂತು!" ಎಂದು ಕೂಗಿದ. ಹಿಂದಿನಿಂದ ತಂಗಿ, "ಮೀನೇ ಇಲ್ಲದ ತೊಟ್ಟಿಯ ಮುಂದೆ ಕುಣಿಯುತ್ತಿದ್ದಾನೆ" ಎಂದು ನಗುತ್ತಿದ್ದಳು.

ನನ್ನ ಮಗ ಪಕ್ಕದಲ್ಲೇ ಇದ್ದ. ಫೋನ್ ತೆಗೆದುಕೊಂಡು ಹೇಳಿದ: "ಇನ್ನೊಂದು ವಾರ ಕಾದು ಮತ್ತೊಮ್ಮೆ ನೋಡು. ಆಮೇಲೆ ಮೀನು ಆರಿಸಲು ನಾನೂ ಬರುತ್ತೇನೆ."